ಎರಡು ಬ್ರೇಕಿನ ಕಾರು

ಪೊಲೀಸ್ ಕಚೇರಿಯ ಮಾಹಿತಿ ವಿಭಾಗದಲ್ಲಿ ಉತ್ತರಮ್ಮನ ನಿಜವಾದ ಹೆಸರು ನೆನಪಿದ್ದದ್ದು ಸಂಬಳ ಬರೆಯುವ ಗುಮಾಸ್ತನೊಬ್ಬನಿಗೇ ಇರಬೇಕು. ಮಿಕ್ಕವರಿಗೆಲ್ಲ ಅವಳು ಉತ್ತರಮ್ಮ. ಸಾರ್ವಜನಿಕರು ಅರ್ಜಿ ಬರೆದು ಏನು ಕೇಳಿದರೂ ಒಂದು ತಿಂಗಳೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. ಆ ಉತ್ತರದಲ್ಲಿ ಏನೂ ಇರಬಾರದೆಂಬುದು ಕಚೇರಿಯ ಆಸೆ. ಎರಡನ್ನೂ ಒಟ್ಟಿಗೆ ಸಂಭಾಳಿಸುವ ವಿದ್ಯೆ ಅವಳಿಗೆ ಒಲಿದಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುತ್ತಿದ್ದಳು. ಓದಿದವನಿಗೆ ಉತ್ತರ ಬಂತೆಂಬ ಸಮಾಧಾನವೂ ಆಗಬೇಕು, ಕೈಗೆ ಏನೂ ಸಿಗಲೂ ಬಾರದು.

ಅವಳ ಪದ್ಧತಿ ಸರಳ. ಕೇಳಿದ್ದಕ್ಕೆ ಉತ್ತರ, ಕೇಳಬೇಕೆಂದುಕೊಂಡಿದ್ದಕ್ಕೆ ಅಲ್ಲ. ‘ನಮ್ಮ ಬೀದಿಯಲ್ಲಿ ಗಸ್ತು ಇದೆಯೇ?’ ಎಂದು ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರ ಕೇಳಿದ್ದ. ‘ಇದೆ’ ಎಂದು ಬರೆದು ಕಳಿಸಿದಳು. ಯಾವ ದಿನ, ಯಾವ ಹೊತ್ತು ಎಂದು ಆತ ಕೇಳಿರಲಿಲ್ಲ. ಕೇಳಬೇಕಾದರೆ ಹೊಸ ಅರ್ಜಿ, ಹೊಸ ಅರ್ಜಿಗೆ ಹೊಸ ತಿಂಗಳು. ಮೂರನೆಯ ಅರ್ಜಿಯ ಹೊತ್ತಿಗೆ ಸಾಮಾನ್ಯವಾಗಿ ಮನುಷ್ಯ ಸುಸ್ತಾಗುತ್ತಾನೆ. ಈ ಸುಸ್ತನ್ನೇ ದೊಡ್ಡ ಸಾಹೇಬರು ವಾರ್ಷಿಕ ವರದಿಯಲ್ಲಿ ‘ಸಾರ್ವಜನಿಕರ ತೃಪ್ತಿ’ ಎಂದು ಬರೆಯುತ್ತಿದ್ದರು.

ಆ ವರ್ಷ ಊರಿನಲ್ಲಿ ವಾಹನ ಕಳವು ವಿಪರೀತವಾಗಿತ್ತು. ಜನ ಗಾಡಿ ನಿಲ್ಲಿಸಿ ಅಂಗಡಿಯೊಳಗೆ ಹೋದರೆ ಕಣ್ಣೆಲ್ಲ ಬಾಗಿಲ ಕಡೆಗೇ. ಕಳ್ಳರು ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ತಿನ್ನಿಸಿ, ಪೊಲೀಸರಿಗೂ ಅದರ ರುಚಿ ಹತ್ತಿತ್ತು ಎಂದು ಹೇಳಬೇಕು. ಯಾಕೆಂದರೆ ಕಚೇರಿಯ ಲೆಕ್ಕದಲ್ಲಿ ಕಳವಿನಿಂದ ನಷ್ಟವೇನೂ ಇರಲಿಲ್ಲ. ಕಳೆದುಹೋದ ಗಾಡಿಗಳ ವಿವರ ಒಂದು ಕೋಣೆಯಲ್ಲಿ, ಅಲ್ಲಿ ನಂಬರ್ ಪ್ಲೇಟಿನ ಪ್ರಕಾರ ಜೋಡಿಸಿಟ್ಟಿರುತ್ತಿತ್ತು. ಸಿಕ್ಕ ಗಾಡಿಗಳ ವಿವರ ಇನ್ನೊಂದು ಕೋಣೆಯಲ್ಲಿ, ಅಲ್ಲಿ ಸಿಕ್ಕ ಜಾಗದ ಪ್ರಕಾರ. ಕಳ್ಳರು ಮೊದಲು ಮಾಡುವ ಕೆಲಸವೇ ಪ್ಲೇಟು ಕಿತ್ತೆಸೆದು ಎಂಜಿನ್ ನಂಬರನ್ನು ಉಜ್ಜಿ ಅಳಿಸುವುದು. ಹೀಗಾಗಿ ಒಂದೇ ಕಾರು ಈ ಕೋಣೆಯಲ್ಲಿ ‘ಪತ್ತೆಯಾಗಲಿಲ್ಲ’ ಎಂದು ಮುಚ್ಚಿಹೋಗುತ್ತಿತ್ತು, ಆ ಕೋಣೆಯಲ್ಲಿ ‘ಪತ್ತೆ ಹಚ್ಚಲಾಗಿದೆ, ವಾರಸುದಾರರಿಲ್ಲ’ ಎಂದು ಸಾಧನೆಯ ಲೆಕ್ಕಕ್ಕೆ ಸೇರುತ್ತಿತ್ತು. ನಡುವೆ ಹತ್ತು ಹೆಜ್ಜೆಯ ಪಡಸಾಲೆ. ಅದನ್ನು ದಾಟಿ ಎರಡನ್ನೂ ತಾಳೆ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಬ್ರೇಕ್ ಮೇಷ್ಟ್ರು ಕೌಂಟರಿನ ಮುಂದೆ ಬಂದು ನಿಂತದ್ದು ಆ ವರ್ಷದಲ್ಲೇ.

"ಮೇಡಂ, ಇಲ್ಲಿ ಅರ್ಜಿ ಕೊಟ್ರೆ ಪೊಲೀಸ್ನೋರು ಏನ್ ಮಾಡ್ತಿದಾರೆ ಅಂತ ಹೇಳ್ತಾರಂತೆ?"

"ಬರ್ಕೊಟ್ರೆ ಹೇಳ್ತೀವಿ," ಎಂದಳು ಉತ್ತರಮ್ಮ, ತಲೆ ಎತ್ತದೆ.

ಅರ್ಜಿಯ ಕೆಳಗೆ ಡ್ರೈವಿಂಗ್ ಸ್ಕೂಲಿನ ಸೀಲು ಇತ್ತು. ಅದನ್ನು ನೋಡಿ ತಲೆ ಎತ್ತಿದಳು. ಕೂದಲು ಉದುರಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು, ಅಂಗಿಯ ಕಾಲರು ಕುತ್ತಿಗೆಗಿಂತ ದೊಡ್ಡದಾಗಿತ್ತು. ಆದರೂ ಅದೇ ಮನುಷ್ಯ. ಅವಳ ಕೈಯಲ್ಲಿದ್ದ ಸೀಲು ಅರೆಕ್ಷಣ ಹಾಗೇ ನಿಂತಿತು.

ಮದುವೆಯಾದ ಹೊಸದರಲ್ಲಿ, ಈ ಕೆಲಸ ಸಿಗುವ ಮುಂಚೆ, ಅವಳು ಇವರ ಹತ್ತಿರ ಕಾರು ಕಲಿಯಲು ಹೋಗಿದ್ದಳು. ಊರಲ್ಲಿ ಅರ್ಧ ಜನಕ್ಕೆ ಕಾರು ಕಲಿಸಿದವರು ಇವರೇ. ಪಕ್ಕದ ಸೀಟಿನಲ್ಲಿ ಕೂತು ‘ಬ್ರೇಕ್! ಬ್ರೇಕ್!’ ಎಂದು ಕಿರುಚುವ ದನಿ ರಸ್ತೆಯ ಆ ತುದಿಗೂ ಕೇಳುತ್ತಿತ್ತು, ಹೆಸರು ಬಂದದ್ದೂ ಹಾಗೆ. ಒಂದು ದಿನ ದಿಬ್ಬದ ಮೇಲಿನ ಸರ್ಕಲ್ಲಿನಲ್ಲಿ ಅವಳ ಕೈಯಲ್ಲಿ ಗಾಡಿ ನಿಂತುಹೋಯಿತು. ಮತ್ತೆ ಶುರು ಮಾಡಿದಳು, ಮತ್ತೆ ನಿಂತಿತು. ಹಿಂದಿನಿಂದ ಲಾರಿ, ಬಸ್ಸು, ಎಲ್ಲದರ ಹಾರನ್ನು. ಮೇಷ್ಟ್ರು ಇಳಿದು ಸುತ್ತಿ ಬಂದು ಅವಳ ಬಾಗಿಲು ತೆಗೆದರು. "ಇಳಿ ಕೆಳಗೆ. ನಿನಗೆ ಗಾಡಿ ಅಲ್ಲಮ್ಮ, ಕುರ್ಚಿ ಸರಿ. ಎಲ್ಲಾದ್ರೂ ಒಂದು ಕಡೆ ಕೂತ್ಕೊಂಡಿರು." ಹಿಂದಿನ ಸೀಟಿನಲ್ಲಿ ಸರದಿಗೆ ಕಾಯುತ್ತಿದ್ದ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಡುರಸ್ತೆಯಲ್ಲಿ ಇಳಿದಳು. ನಡೆದುಕೊಂಡು ಮನೆಗೆ ಬಂದಳು. ಮತ್ತೆ ಯಾವತ್ತೂ ಸ್ಟಿಯರಿಂಗಿನ ಹಿಂದೆ ಕೂರಲಿಲ್ಲ. ಇವತ್ತಿಗೂ ಬೆಳಿಗ್ಗೆ ಗಂಡ ಸ್ಕೂಟರಿನಲ್ಲಿ ತಂದು ಬಿಡಬೇಕು, ಸಂಜೆ ಬಂದು ಕರೆದೊಯ್ಯಬೇಕು.

"ಎಷ್ಟು ದಿನ ಆಗತ್ತೆ ಮೇಡಂ?" ಎಂದರು ಮೇಷ್ಟ್ರು. ಆ ಕಿರುಚುವ ದನಿ ಎಲ್ಲೋ ಹೋಗಿ, ಒಣಗಿದ ಎಲೆಯ ಹಾಗೆ ಸಣ್ಣ ದನಿ ಉಳಿದಿತ್ತು. ಅವಳ ಮುಖವನ್ನು ಒಂದು ಸಲ ನೋಡಿ ಕೌಂಟರಿನ ಮೇಲಿದ್ದ ಪೆನ್ನಿನ ಕಡೆಗೆ ನೋಟ ತಿರುಗಿಸಿದರು.

"ಕಾನೂನಲ್ಲಿ ಎಷ್ಟಿದೆಯೋ ಅಷ್ಟು," ಎಂದಳು.

ಗುರುತು ಹಿಡಿಯಲಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಜೀವಮಾನವಿಡೀ ಕಾಲಿಗೆ ಚುಚ್ಚಿದ ಮುಳ್ಳನ್ನು ಹೊತ್ತುಕೊಂಡು ನಡೆದವಳು ಇವಳು. ಮುಳ್ಳಿಟ್ಟವನಿಗೆ ನೆನಪೇ ಇಲ್ಲ! ಮೈ ಉರಿಯಿತು. ಆದರೆ ಉರಿಯ ಜೊತೆಗೇ ಒಂದು ಸುಖವೂ ಹುಟ್ಟಿತು, ಸುಳ್ಳು ಯಾಕೆ ಹೇಳಬೇಕು. ಈಗ ಕೌಂಟರಿನ ಆಚೆಗೆ ನಿಂತವರು ಅವರು, ಈಚೆಗೆ ಕೂತವಳು ಇವಳು.

ಮೇಷ್ಟ್ರ ಕಥೆ ಇಷ್ಟೇ. ಹಳೆಯ ಬಿಳಿ ಕಾರು, ಕಲಿಯುವವರ ಕಾಲ ಬಳಿ ಒಂದು ಬ್ರೇಕು, ಕಲಿಸುವವರ ಕಾಲ ಬಳಿ ಇನ್ನೊಂದು. ಮಾರ್ಕೆಟ್ಟಿನ ಹಿಂದೆ ನಿಲ್ಲಿಸಿ ಔಷಧಿ ತರಲು ಹೋದವರು ಬರುವಷ್ಟರಲ್ಲಿ ಕಾರಿರಲಿಲ್ಲ. ಠಾಣೆಯಲ್ಲಿ ಹುಡುಕುತ್ತೇವೆ ಎಂದರು, ಆಮೇಲೆ ಹುಡುಕುತ್ತಿದ್ದೇವೆ ಎಂದರು, ಆಮೇಲೆ ಪತ್ತೆಯಾಗಲಿಲ್ಲ ಎಂದು ಕೈ ತೊಳೆದುಕೊಂಡರು. ಎರಡು ಬ್ರೇಕಿನ ಕಾರು ತೋರಿಸದಿದ್ದರೆ ಸಾರಿಗೆ ಕಚೇರಿಯವರು ಕಲಿಸುವ ಲೈಸೆನ್ಸು ಮುಂದುವರಿಸುವುದಿಲ್ಲ. ಒಮ್ಮೆ ತಪ್ಪಿದರೆ ಅವರ ವಯಸ್ಸಿಗೆ ಹೊಸದಾಗಿ ಕೊಡುವುದೂ ಇಲ್ಲ. ಇನ್ನೊಂದು ಕಾರು ತರುವ ಶಕ್ತಿ ಅವರಿಗಿರಲಿಲ್ಲ. ಮಳೆಗಾಲ ಮುಗಿಯುವವರೆಗೆ ಸಾರಿಗೆಯವರು ಗಡುವು ಕೊಟ್ಟಿದ್ದರು. ಇದನ್ನೆಲ್ಲ ಅವರು ಅರ್ಜಿಯ ಹಿಂಬದಿಯಲ್ಲಿ ಬರೆದಿದ್ದರು. ಹಿಂಬದಿಯಲ್ಲಿ ಬರೆದದ್ದಕ್ಕೆ ಉತ್ತರ ಕೊಡಬೇಕೆಂದು ಕಾನೂನಿನಲ್ಲಿಲ್ಲ.

ಮೊದಲ ಅರ್ಜಿಯಲ್ಲಿ ಕೇಳಿದ್ದರು: ನನ್ನ ಕಾರು ಹುಡುಕಲು ಪೊಲೀಸರು ಏನು ಮಾಡಿದ್ದಾರೆ? ಉತ್ತರಮ್ಮ ಬರೆದಳು: ನಿಯಮಾನುಸಾರ ಕ್ರಮ ಕೈಗೊಳ್ಳಲಾಗಿದೆ.

ಎರಡನೆಯದರಲ್ಲಿ: ಈ ವರ್ಷ ಊರಿನಲ್ಲಿ ಎಷ್ಟು ವಾಹನ ಕಳುವಾಗಿವೆ, ಎಷ್ಟು ಸಿಕ್ಕಿವೆ? ಅವಳು ಠಾಣೆವಾರು ಅಂಕಿ ಕೊಟ್ಟಳು. ಒಂದು ಠಾಣೆಯಲ್ಲಿ ಕಳೆದದ್ದಕ್ಕಿಂತ ಸಿಕ್ಕದ್ದೇ ಹೆಚ್ಚಿತ್ತು. ಅಲ್ಲಿನ ಪೊಲೀಸರು ಕಳುವಾಗುವ ಮುಂಚೆಯೇ ಹುಡುಕಿಬಿಡುತ್ತಾರೆಂದು ಓದಿದವರು ತಿಳಿಯಬೇಕು.

ಸಂಜೆ ಊಟದ ಹೊತ್ತಿಗೆ ಗಂಡನ ಮುಂದೆ ಇದನ್ನೆಲ್ಲ ಬಣ್ಣ ಕಟ್ಟಿ ಹೇಳುತ್ತಿದ್ದಳು. ಗಂಡ ವಿದ್ಯುತ್ ಮೀಟರ್ ಓದುವವನು, ಮನೆಮನೆ ತಿರುಗಿ ಜನರ ಬೈಗುಳ ತಿಂದು ಬರುವವನು. ಅವನಿಗೂ ನಗಲು ಏನಾದರೂ ಬೇಕಿತ್ತು.

"ಇವತ್ತು ನಿನ್ನ ಮೇಷ್ಟ್ರಿಗೆ ಏನ್ ಬಡಿಸ್ದೆ?" ಎನ್ನುತ್ತಿದ್ದ ತಟ್ಟೆಯ ಮುಂದೆ ಕೂರುವಾಗಲೇ.

"ಖಾಲಿ ತಟ್ಟೆ," ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಇಬ್ಬರೂ ಹೀಗೆ ಒಟ್ಟಿಗೆ ನಕ್ಕದ್ದು ಕಡಿಮೆ.

ಮೂರನೆಯ ಅರ್ಜಿ ಕೊಂಚ ಚುರುಕಾಗಿತ್ತು. ವಾರಸುದಾರರಿಲ್ಲದ ವಾಹನಗಳನ್ನು ಎಲ್ಲಿ ಇಟ್ಟಿದ್ದೀರಿ, ಎಷ್ಟಿವೆ? ಎಲ್ಲಿ ಎಂಬುದು ಅವಳಿಗೆ ಗೊತ್ತಿತ್ತು. ಕಚೇರಿಯ ಹಿಂದಿನ ಮೈದಾನದಲ್ಲಿ, ಅವಳ ಕಿಟಕಿಯ ಕೆಳಗೇ. ಎಷ್ಟು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಕೆಸರು ತಪ್ಪಿಸುತ್ತ, ಎಣಿಸಲು ಹೊರಟಳು. ಮೈದಾನ ಕಾಯುವ ಕಾವಲುಗಾರ ಮುಂದೆ ಮುಂದೆ ನಡೆದ. ಕಾರಿನ ಮೇಲೆ ಕಾರು, ಒಡೆದ ಗಾಜು, ಸೀಟಿನೊಳಗಿಂದ ಎದ್ದ ಹುಲ್ಲು. ಒಂದು ಕಾರಿನಲ್ಲಿ ನಾಯಿ ಮರಿ ಹಾಕಿತ್ತು.

"ಅಕ್ಕಾ, ಇದೊಂದು ನೋಡಿ ತಮಾಷೆ," ಎಂದು ಕಾವಲುಗಾರ ಕೊನೆಯ ಸಾಲಿನ ಒಂದು ಕಾರಿನ ಬಾಗಿಲು ಎಳೆದ. "ಪಕ್ಕದ ಸೀಟಿಗೂ ಬ್ರೇಕ್ ಇಟ್ಟವ್ರೆ. ಗಂಡ ಹೆಂಡ್ತಿ ಇಬ್ರೂ ಓಡ್ಸೋ ಗಾಡಿ ಇರ್ಬೇಕು."

ಅವಳು ಬಗ್ಗಿ ನೋಡಿದಳು. ಬಿಳಿ ಬಣ್ಣ ಹೋಗಿ ಮಣ್ಣಿನ ಬಣ್ಣವಾಗಿತ್ತು. ಪಕ್ಕದ ಸೀಟಿನ ಕೆಳಗೆ ಕಬ್ಬಿಣದ ಪೆಡಲು, ಅದರ ಮೇಲೆ ಹಳೆ ಚಪ್ಪಲಿಯ ಅಟ್ಟೆ ಕತ್ತರಿಸಿ ಮೊಳೆ ಹೊಡೆದು ಕೂರಿಸಿದ್ದರು. ಆ ಅಟ್ಟೆಯನ್ನು ಅವಳು ಎಷ್ಟು ಸಲ ಓರೆಗಣ್ಣಿನಲ್ಲಿ ನೋಡಿದ್ದಳೋ. ಅದರ ಮೇಲಿನ ಕಾಲು ಯಾವಾಗ ಅಲುಗುತ್ತದೋ, ಯಾವಾಗ ಬೈಗುಳ ಬೀಳುತ್ತದೋ ಎಂದು ಕಲಿಯುವ ದಿನವೆಲ್ಲ ಅದನ್ನೇ ಕಾಯುತ್ತಿದ್ದಳು. ರಸ್ತೆ ನೋಡುವುದನ್ನು ಬಿಟ್ಟು ಅದನ್ನು ನೋಡಿದ್ದರಿಂದಲೇ ಗಾಡಿ ನಿಲ್ಲುತ್ತಿತ್ತು.

"ಯಾರೋ ಕಲಿಸೋ ಮೇಷ್ಟ್ರದ್ದು ಇರ್ಬೇಕು ಅಕ್ಕಾ. ಪಾಪ ಹುಡುಕ್ತಿರ್ತಾರೆ. ಊರಲ್ಲಿರೋ ಸ್ಕೂಲ್ನೋರ್ನ ಒಂದ್ಮಾತು ಕೇಳಿದ್ರೆ…"

"ನಿನ್ನ ಕೆಲ್ಸ ಕಾಯೋದು," ಎಂದಳು. "ಕೇಳೋದು, ಹೇಳೋದು ನನ್ನ ಕೆಲ್ಸ."

ಮೇಲೆ ಬಂದು ಸಂಖ್ಯೆ ಬರೆದಳು. ಎಲ್ಲಿ ಎಂಬುದಕ್ಕೆ ‘ಇಲಾಖೆಯ ಮೈದಾನದಲ್ಲಿ’ ಎಂದಷ್ಟೇ ಹಾಕಿದಳು, ಯಾವ ಮೈದಾನವೆಂದು ಅವರು ಕೇಳಿರಲಿಲ್ಲ. ಎಷ್ಟಿವೆ ಎಂದು ಕೇಳಿದ್ದರು, ಎಷ್ಟಿವೆ ಎಂದು ಹೇಳಿದಳು. ಒಂದು ಅಂಕಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆ ಸಂಜೆ ಗಂಡನಿಗೆ ಹೇಳಿದಾಗ ಅವನು ನಗಲಿಲ್ಲ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಕಾರು ಅಲ್ಲೇ ಇದೆಯಾ?"

"ಇದೆ."

"ಹೇಳ್ಬಿಡೇ. ಇಷ್ಟು ದಿನ ಆಡ್ಸಿದ್ದು ಸಾಕು. ವಯಸ್ಸಾದೋರು."

"ಅವತ್ತು ನಾನು ನಡ್ಕೊಂಡು ಬಂದಾಗ ನೀವೇನಂದ್ರಿ? ಹೋಗ್ಲಿ ಬಿಡು, ಯಾಕೆ ಬೇಕು ನಿನಗೆ ಕಾರು ಅಂದ್ರಿ. ಆಗ ಇಲ್ದೇ ಇರೋ ಕರುಣೆ ಈಗ ಎಲ್ಲಿಂದ ಬಂತು?"

ಅಂದಿನಿಂದ ಅವಳು ಮನೆಯಲ್ಲಿ ಮೇಷ್ಟ್ರ ಸುದ್ದಿ ಎತ್ತುವುದನ್ನು ಬಿಟ್ಟಳು, ಅವನು ಕೇಳುವುದನ್ನೂ ಬಿಟ್ಟ. ಊಟದ ಹೊತ್ತು ಮತ್ತೆ ಮೊದಲಿನ ಹಾಗೆ ಸಪ್ಪೆಯಾಯಿತು.

ಹೇಳಿಬಿಡಬೇಕೆಂದು ಅವಳಿಗೂ ಇರಲಿಲ್ಲವೇ? ಇತ್ತು. ಕಾರನ್ನು ಕಂಡ ದಿನದಿಂದ ಇತ್ತು. ತಾನು ಕೆಟ್ಟವಳೆಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ, ಮೇಷ್ಟ್ರು ತನ್ನನ್ನು ಗುರುತಿಸಬೇಕು. ‘ಅಯ್ಯೋ, ನೀನಾ ಮಗಳೇ!’ ಎನ್ನಬೇಕು. ಕ್ಷಮೆ ಕೂಡ ಬೇಡ. ತಾನು ನಡುರಸ್ತೆಯಲ್ಲಿ ಇಳಿಸಿದ ಹುಡುಗಿ ಇವಳೇ ಎಂದು ಆ ಮುಖದ ಮೇಲೆ ಕಾಣಬೇಕು. ಆ ಕ್ಷಣವೇ ಕಿಟಕಿ ತೆರೆದು ‘ಅಗೋ ನಿಮ್ಮ ಕಾರು’ ಎಂದು ತೋರಿಸಿಬಿಡುತ್ತಿದ್ದಳು. ಆ ಮಾತನ್ನು ಯಾವ ದನಿಯಲ್ಲಿ ಆಡಬೇಕೆಂಬುದನ್ನೂ ಸ್ನಾನ ಮಾಡುವಾಗ ಅಭ್ಯಾಸ ಮಾಡಿದ್ದಳು.

ಮಳೆ ಹಿಡಿದು ಕೂತಿತ್ತು. ಮೇಷ್ಟ್ರು ನಾಲ್ಕನೆಯ ಅರ್ಜಿಯಲ್ಲಿ ಆ ವಾಹನಗಳ ವಿವರ ಕೇಳಿದರು. ‘ವಾಹನವಾರು ವಿವರ ಬಹಿರಂಗಪಡಿಸಿದರೆ ಕಳ್ಳರಿಗೆ ಅನುಕೂಲವಾದೀತು’ ಎಂದು ಬರೆದಳು. ಕದ್ದವರಿಗೆ ಗೊತ್ತಿರುವುದನ್ನು ಕಳೆದುಕೊಂಡವರಿಂದ ಮುಚ್ಚಿಡುವ ಈ ವಾಕ್ಯ ದೊಡ್ಡ ಸಾಹೇಬರಿಗೆ ಎಷ್ಟು ಹಿಡಿಸಿತೆಂದರೆ, ಅದನ್ನು ಎಲ್ಲ ಠಾಣೆಗಳಿಗೂ ಮಾದರಿಯಾಗಿ ಕಳಿಸಿದರು.

ಆ ಉತ್ತರ ಹಿಡಿದುಕೊಂಡು ಮೇಷ್ಟ್ರು ಬಂದರು. ಮೈಯೆಲ್ಲ ತೊಯ್ದಿತ್ತು. ಕೌಂಟರಿಗೆ ನೀರು ಬೀಳದ ಹಾಗೆ ದೂರ ನಿಂತರು.

"ಮೇಡಂ, ನಾನು ದಡ್ಡ. ಹೇಗ್ ಕೇಳ್ಬೇಕು ಅಂತ ನೀವೇ ಹೇಳ್ಕೊಡಿ. ಗಡುವು ಹತ್ರ ಬಂತು. ಗಾಡಿ ಕಲಿಸೋದು ಬಿಟ್ರೆ ನನಗೆ ಬೇರೆ ಏನೂ ಬರಲ್ಲ. ಮನೇಲಿ ಹೆಂಡ್ತೀನೂ ದಿನಾ ಕೇಳ್ತಾಳೆ, ಸಿಕ್ತಾ, ಸಿಕ್ತಾ ಅಂತ."

"ಹೇಳ್ಕೊಡೋದು ನಮ್ಮ ಕೆಲ್ಸ ಅಲ್ಲ," ಎಂದಳು. ಆಮೇಲೆ ಏನನ್ನಿಸಿತೋ, ಇಲ್ಲ, ಏನನ್ನಿಸಿತೆಂದು ಗೊತ್ತೇ ಇದೆ, ಪಾಠ ಹೇಳುವ ಹುಮ್ಮಸ್ಸು ಬಂತು. "ನೋಡಿ, ಎಲ್ಲಾ ವಾಹನದ್ದು ಕೇಳಿದ್ರೆ ಯಾರೂ ಕೊಡಲ್ಲ. ನಿಮ್ಮ ಗಾಡೀಲಿ ಬೇರೆ ಗಾಡೀಲಿ ಇಲ್ದೇ ಇರೋದು ಏನಿದೆ? ಅದನ್ನ ಕೇಳಿ. ಅಷ್ಟೂ ಗೊತ್ತಾಗಲ್ವಾ? ಗಮನ ಎಲ್ಲಿರತ್ತೆ ನಿಮ್ಗೆ?"

ಗಮನ ಎಲ್ಲಿರತ್ತೆ ಎಂಬುದು ಕಾರು ಕಲಿಸುವಾಗ ಮೇಷ್ಟ್ರು ಆಡುತ್ತಿದ್ದ ಮಾತೇ, ಅವರದೇ ದನಿ. ಗುರುತಾದೀತೆಂದು ಅವರ ಮುಖವನ್ನೇ ನೋಡುತ್ತಿದ್ದಳು. ಅವರ ಕಣ್ಣು ಒಮ್ಮೆ ಮಿಟುಕಿತು. ಅಲ್ಲೇ ನಿಂತು ಹೊಸ ಅರ್ಜಿ ಬರೆದರು. ‘ನಿಮ್ಮ ಮೈದಾನದಲ್ಲಿ ಎರಡು ಬ್ರೇಕ್ ಪೆಡಲ್ ಇರುವ ಬಿಳಿ ಕಾರು ಇದೆಯೇ? ಇದ್ದರೆ ನಾನು ಬಂದು ನೋಡಬಹುದೇ?’

ಅರ್ಜಿ ತೆಗೆದುಕೊಂಡಳು. ಸೀಲು ಹಾಕಿದಳು. ಇನ್ನು ತಾನೇ ಬಾಯಿ ಬಿಡದೆ ದಾರಿಯಿರಲಿಲ್ಲ.

"ನನ್ನ ಎಲ್ಲಾದ್ರೂ ನೋಡಿದೀರಾ ನೀವು?"

ಮೇಷ್ಟ್ರು ಅವಳನ್ನು ನೋಡಿದರು. ಆಮೇಲೆ ತಮ್ಮ ಒದ್ದೆ ಚಪ್ಪಲಿಯನ್ನು ನೋಡಿಕೊಂಡರು.

"ಇಲ್ಲ ಮೇಡಂ," ಎಂದರು. "ಇಲ್ಲೇ ನೋಡಿದ್ದು."

ಅವರು ಹೋದ ಮೇಲೆ ಉತ್ತರಮ್ಮ ಆ ಅರ್ಜಿಯನ್ನು ಮೇಜಿನ ಮೇಲಿನ ಕಾಗದದ ತಟ್ಟೆಯ ತಳಕ್ಕೆ, ಎಲ್ಲದಕ್ಕಿಂತ ಕೆಳಗೆ ತುರುಕಿದಳು. ಕಾನೂನು ಒಂದು ತಿಂಗಳು ಕೊಟ್ಟಿದೆ, ತಿಂಗಳು ತೆಗೆದುಕೊಳ್ಳುತ್ತೇನೆ ಎಂದುಕೊಂಡಳು. ಮೈದಾನ ಖಾಲಿ ಮಾಡುವ ಆದೇಶದ ಪ್ರತಿ ಎರಡು ದಿನದ ಹಿಂದೆಯೇ ಅವಳ ಮೇಜಿಗೆ ಬಂದಿತ್ತು. ಮೇಲಿನವರು ತಪಾಸಣೆಗೆ ಬರುತ್ತಾರೆ, ವಾರಸುದಾರರಿಲ್ಲದ್ದನ್ನೆಲ್ಲ ಗುಜರಿಗೆ ಹಾಕಬೇಕು. ಸಾರ್ವಜನಿಕರಿಗೆ ಸೂಚನೆಯನ್ನೂ ಅಂಟಿಸಿದ್ದರು, ಗೇಟಿನ ಒಳಬದಿಗೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದು ಒಂದೂ ಇಲ್ಲ.

ಗುಜರಿಯವರು ಬಂದದ್ದು ಮಳೆ ಬಿಟ್ಟ ಒಂದು ಬೆಳಿಗ್ಗೆ. ದೊಡ್ಡ ಲಾರಿಯ ಮೇಲೆ ಜಜ್ಜುವ ಯಂತ್ರ ತಂದಿದ್ದರು. ಉಕ್ಕಿನ ಕೈ ಕಾರನ್ನು ಎತ್ತಿ ಒಳಗಿಡುತ್ತಿತ್ತು, ಮೇಲಿನ ಹಲಗೆ ಇಳಿಯುತ್ತಿತ್ತು, ಗಾಜು ಸಿಡಿಯುತ್ತಿತ್ತು, ಹೊರಗೆ ಬರುವಾಗ ಹಾಸಿಗೆಯಷ್ಟು ದಪ್ಪದ ತಗಡು. ಮೊದಲ ಸಾಲಿನಿಂದ ಶುರು ಮಾಡಿದರು. ಬಿಳಿ ಕಾರು ಕೊನೆಯ ಸಾಲಿನಲ್ಲಿತ್ತು. ಅಂದರೆ ಅವಳಿಗೆ ಇಡೀ ಬೆಳಗು ಇತ್ತು.

ಕಿಟಕಿಯ ಬಳಿ ನಿಂತಳು. ಟೀ ಬಂತು, ಕುಡಿದಳು. ಎರಡನೆಯ ಸಾಲು ಮುಗಿಯಿತು. ಅರ್ಜಿಯ ಮೇಲೆ ಮೇಷ್ಟ್ರ ಫೋನ್ ನಂಬರಿತ್ತು. ತಟ್ಟೆಯ ತಳದಿಂದ ಅದನ್ನು ಎಳೆದು ಮುಂದಿಟ್ಟುಕೊಂಡಳು. ಫೋನೂ ಬೇಡ, ಕಿಟಕಿಯಿಂದ ಕಾವಲುಗಾರನನ್ನು ಕೂಗಿದರೆ ಸಾಕಿತ್ತು. ‘ಅದೊಂದನ್ನ ಬಿಡು’ ಎಂದರೆ ಬಿಡುತ್ತಿದ್ದ, ಅವನೂ ಬಿಡಲು ಕಾಯುತ್ತಿದ್ದ. ಮೂರು ಸಲ ತಲೆ ಎತ್ತಿ ಅವಳ ಕಿಟಕಿಯ ಕಡೆ ನೋಡಿದ. ಒಂದು ಸಲ ಅವಳ ಬಾಯಿ ತೆರೆದೇ ತೆರೆಯಿತು. ಆಗ ‘ಇಲ್ಲ ಮೇಡಂ, ಇಲ್ಲೇ ನೋಡಿದ್ದು’ ಎಂಬ ಆ ಮಾತು ಕಿವಿಯಲ್ಲಿ ಕೇಳಿತು. ಬಾಯಿ ಮುಚ್ಚಿಕೊಂಡಳು. ಹಲ್ಲು ಕಚ್ಚಿಕೊಂಡು ನಿಂತೇ ನೋಡಿದಳು. ಉಕ್ಕಿನ ಕೈ ಬಿಳಿ ಕಾರನ್ನು ಎತ್ತಿದಾಗ ಅದರ ಒಂದು ಬಾಗಿಲು ತೆರೆದುಕೊಂಡು ಗಾಳಿಯಲ್ಲಿ ಆಡಿತು. ಹಲಗೆ ಇಳಿಯಿತು. ಮಿಕ್ಕ ಕಾರುಗಳಿಗಿಂತ ಹೆಚ್ಚು ಸದ್ದೇನೂ ಆಗಲಿಲ್ಲ.

ಅವಳ ಹೊಟ್ಟೆ ತಣ್ಣಗಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಚೆನ್ನಾಗಿಯೇ ಉಂಡಳು.

ಮಾರನೆಯ ದಿನ ಉತ್ತರ ಬರೆದಳು. ‘ಎರಡು ಬ್ರೇಕ್ ಪೆಡಲ್ ಇರುವ ಬಿಳಿ ಕಾರು ಸದರಿ ಮೈದಾನದಲ್ಲಿ ಇತ್ತು. ವಾರಸುದಾರರಿಲ್ಲದ ವಾಹನವೆಂದು ನಿಯಮಾನುಸಾರ ವಿಲೇವಾರಿ ಮಾಡಲಾಗಿದೆ. ಆದ್ದರಿಂದ ವೀಕ್ಷಣೆಯ ಪ್ರಶ್ನೆ ಉದ್ಭವಿಸುವುದಿಲ್ಲ.’

ಕಾಗದ ಕೈ ಸೇರಿದ ದಿನವೇ ಮೇಷ್ಟ್ರು ಬಂದರು. ಅವಳು ಕಾಯುತ್ತಿದ್ದಳು. ಅತ್ತಾರು, ಕೂಗಾಡಿಯಾರು, ಆ ಹಳೆಯ ಕಿರುಚು ದನಿ ಮತ್ತೆ ಬಂದೀತು, ಬಂದರೆ ತಾನೂ ಕೂಗಬಹುದು ಎಂದು ಸಿದ್ಧವಾಗಿದ್ದಳು. ಅವರು ಕಾಗದವನ್ನು ಕೌಂಟರಿನ ಮೇಲೆ ಬಿಡಿಸಿಟ್ಟು, ಒಂದು ಪದದ ಕೆಳಗೆ ಬೆರಳಿಟ್ಟರು.

"ಇತ್ತು ಅಂತ ಬರ್ದಿದೀರಿ."

"ಹೌದು."

"ಎಲ್ಲಿತ್ತು ಮೇಡಂ?"

ಅವಳು ಕಿಟಕಿಯ ಕಡೆ ಕೈ ತೋರಿಸಿದಳು. ಮೇಷ್ಟ್ರು ಕೌಂಟರಿನ ಆಚೆಯಿಂದಲೇ ಕತ್ತು ಉದ್ದ ಮಾಡಿ ನೋಡಿದರು. ಬರಿ ನೆಲ, ಎಣ್ಣೆಯ ಕಲೆ, ಗಾಜಿನ ಚೂರು. ತುಂಬ ಹೊತ್ತು ನೋಡಿದರು. "ಇಷ್ಟು ಹತ್ರ," ಎಂದರು. ನಿನ್ನೆಗೆ ಗಡುವು ಮುಗಿದದ್ದನ್ನೂ ಲೈಸೆನ್ಸು ಒಪ್ಪಿಸಿ ಬಂದದ್ದನ್ನೂ ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದರು.

ಉತ್ತರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಇಷ್ಟೆಲ್ಲ ಮಾಡಿದ್ದು ಯಾರೆಂದೇ ತಿಳಿಯದೆ ಈ ಮನುಷ್ಯ ಹೋಗಿಬಿಟ್ಟರೆ ಮಾಡಿದ್ದೆಲ್ಲ ದಂಡವೇ.

"ನಾನು ಯಾರು ಅಂತ ಗೊತ್ತಾ ನಿಮ್ಗೆ? ದಿಬ್ಬದ ಸರ್ಕಲ್ಲಲ್ಲಿ ಒಬ್ಬ ಹುಡುಗೀನ ಗಾಡಿಯಿಂದ ಇಳಿಸಿ…"

"ಗೊತ್ತು," ಎಂದರು ಮೇಷ್ಟ್ರು.

"ಯಾವಾಗಿಂದ?"

"ಮೊದಲ್ನೇ ದಿನದಿಂದ್ಲೇ. ತಲೆ ಎತ್ತಿ ನೋಡಿದ್ರಲ್ಲ, ಆಗ್ಲೇ."

"ಮತ್ತೆ… ನಾನು ಕೇಳಿದಾಗ ಇಲ್ಲ ಅಂದ್ರಿ!"

"ಹೆದ್ರಿಕೆ ಆಯ್ತು ಮೇಡಂ," ಎಂದರು. ಈಗಲೂ ಮೇಡಂ ಎಂದೇ ಎಂದರು. "ಹೌದು ಅಂದ್ರೆ ಅವತ್ತಿಂದು ನಿಮ್ಗೆ ನೆನಪಾಗತ್ತೆ, ಸಿಟ್ಟು ಬರತ್ತೆ, ಅರ್ಜಿ ಮೂಲೆಗೆ ಹೋಗತ್ತೆ ಅಂದ್ಕೊಂಡೆ. ಗುರುತಿಲ್ದೋನ ಹಾಗಿದ್ರೆ ಎಲ್ಲರಿಗೂ ಮಾಡೋ ಹಾಗೆ ನನಗೂ ಮಾಡ್ತೀರಿ ಅಂತ. ಅವತ್ತು ನಾನಾಡಿದ ಮಾತು ನಿಮ್ಗೆ ನೆನಪಿಲ್ದೇ ಇರ್ಲಪ್ಪಾ ಅಂತ ಪ್ರತಿಸಲ ಮೆಟ್ಲು ಹತ್ತುವಾಗ್ಲೂ ಬೇಡ್ಕೊಂಡು ಬರ್ತಿದ್ದೆ."

ಏನಾದರೂ ಹೇಳಬೇಕು, ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗದು ಎಂದು ಉತ್ತರಮ್ಮನಿಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರೇ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಅರ್ಥವಾಗದ ವಿದ್ಯಾರ್ಥಿ ಕೇಳುವ ಹಾಗೆ ಕೇಳಿದರು.

"ಕಾರು ಅಲ್ಲಿರೋದು ನಿಮ್ಗೆ ಗೊತ್ತಿತ್ತಾ?"

ಪಕ್ಕದ ಮೇಜಿನವರು ಟೈಪು ಮಾಡುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದರು. ದೊಡ್ಡ ಸಾಹೇಬರ ಬಾಗಿಲು ಅರ್ಧ ತೆರೆದಿತ್ತು.

"ಬರ್ಕೊಡಿ," ಎಂದಳು ಉತ್ತರಮ್ಮ.

ಮೇಷ್ಟ್ರು ಅವಳನ್ನೇ ನೋಡಿದರು. ಅರ್ಜಿಯ ಹಾಳೆ ತೆಗೆದುಕೊಂಡರು. ಕೌಂಟರಿನ ತುದಿಯಲ್ಲಿ ಬಾಗಿ ನಿಂತು, ಅಕ್ಷರ ಗುಂಡಗೆ ಬರುವ ಹಾಗೆ ನಿಧಾನವಾಗಿ ಬರೆದು ಕೊಟ್ಟರು. ಸೀಲು ಹಾಕಿದ ಚೀಟಿ ಜೇಬಿಗಿಟ್ಟುಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದು ಹೋದರು.

ಅರ್ಜಿಯನ್ನು ಅವಳು ತಿರುಗಿಸಿ ತಿರುಗಿಸಿ ಓದಿದಳು. ‘ಮೇಲ್ಕಂಡ ಕಾರನ್ನು ಮಾಹಿತಿ ವಿಭಾಗದ ಅಧಿಕಾರಿಯವರು ಮೊದಲು ನೋಡಿದ್ದು ಯಾವ ದಿನ?’ ಒಂದೇ ಸಾಲು. ಹಿಂಬದಿಯಲ್ಲಿ ಏನೂ ಇರಲಿಲ್ಲ. ಅಭ್ಯಾಸಬಲದಿಂದ ಅದರಲ್ಲಿ ಹುಳುಕು ಹುಡುಕಿದಳು, ಒಂದೂ ಸಿಗಲಿಲ್ಲ. ಮೇಷ್ಟ್ರು ಕೊನೆಗೂ ಕೇಳುವುದನ್ನು ಕಲಿತಿದ್ದರು.

ತಿಂಗಳು ಕಾಯಲು ಅವಳಿಂದ ಆಗಲಿಲ್ಲ, ಸಂಜೆಯೊಳಗೇ ಬರೆದಳು. ‘ಕೋರಿದ ಮಾಹಿತಿ ಈ ಕಚೇರಿಯ ಯಾವುದೇ ದಾಖಲೆಯಲ್ಲಿ ಇರುವುದಿಲ್ಲ.’ ಅದು ನಿಜವೇ ಆಗಿತ್ತು. ಅವಳು ಕಣ್ಣಾರೆ ಕಂಡದ್ದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಕೆಳಗೆ ಗಂಡನ ಸ್ಕೂಟರಿನ ಹಾರನ್ನು ಕೇಳಿತು. ಅವಳಿಗೆ ಅಳು ಬಂತು, ತಡೆಯಲಾಗದಷ್ಟು ಬಂತು. ಅಳುತ್ತಲೇ ಸಹಿ ಹಾಕಿ, ಕಾಗದ ಮಡಚಿ, ಅಂಚೆಗೆ ಹೋಗುವ ಬುಟ್ಟಿಗೆ ಹಾಕಿದಳು.